ಕಾಣದ ಮೃಗದ ಪಾಠ

ತನ್ನ ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳಲಾರದ, ಹಾಲಿನ ಲೋಟವನ್ನು ಚೆಲ್ಲದೆ ಹಿಡಿಯಲಾರದ, ನಿನ್ನೆ ಮೊನ್ನೆಗಳ ಭೇದವನ್ನು ಇನ್ನೂ ಸರಿಯಾಗಿ ಅರಿಯದ ನಾಲ್ಕು ವರ್ಷದ ಶಿಶುವೊಂದು ಟ್ರೈಸೆರಟಾಪ್ಸ್, ಸ್ಟೆಗೋಸಾರಸ್, ಬ್ರಾಕಿಯೋಸಾರಸ್ ಎಂಬ, ಹಿರಿಯರ ನಾಲಗೆಗೇ ತೊಡರುವ ನಾಮಾವಳಿಯನ್ನು ಸಹಸ್ರನಾಮದ ವೇಗದಲ್ಲಿ ಹೇಳಿ ಮುಗಿಸುವುದನ್ನೂ, ಅಜ್ಜಿಯು ಒಂದಕ್ಕೆ ಮತ್ತೊಂದರ ಹೆಸರಿಟ್ಟು ಕರೆದರೆ ಸಿಟ್ಟುಗೊಂಡು ತಿದ್ದುವುದನ್ನೂ ಈಚೆಗೆ ಅನೇಕ ಮನೆಗಳಲ್ಲಿ ಕಾಣಬಹುದಾಗಿದೆ. ಇದನ್ನು ಕಂಡು ಹಿಗ್ಗುವ ತಂದೆತಾಯಿಗಳು ಒಂದು ಪಕ್ಷವಾದರೆ, ಸತ್ತು ಕೋಟ್ಯಂತರ ವರ್ಷಗಳಾದ ಪ್ರಾಣಿಯ ಗೊಡವೆ ಮಗುವಿಗೇಕೆ, ಹಸು ಎಮ್ಮೆ ಕಾಗೆ ಗುಬ್ಬಿಗಳನ್ನು ಬಲ್ಲುದಾದರೆ ಸಾಲದೆ ಎಂದು ಗೊಣಗುವ ಹಿರಿಯರು ಇನ್ನೊಂದು ಪಕ್ಷ. ಮಗುವಿಗೆ ಮನೆಯಲ್ಲಿಯೇ ಮೊದಲ ಪಾಠಗಳನ್ನು ಹೇಳಲು ಉದ್ದೇಶಿಸಿ, ಕೆಲವು ವಾರಗಳ ಕಾಲ ಡೈನೋಸಾರನ್ನೇ ವಿಷಯವಾಗಿ ಹಿಡಿದು ಅದರ ಸುತ್ತ ಎಣಿಕೆ, ಮಾತು, ಚಿತ್ರ, ಆಟಗಳನ್ನು ಹೆಣೆಯಬೇಕೆಂದಿರುವ ತಾಯಂದಿರು ಈ ಎರಡು ಪಕ್ಷಗಳ ನಡುವೆ ಸಿಕ್ಕಿಕೊಂಡಿರುವುದರಿಂದ, ಅವರ ಪರವಾಗಿ ಎರಡು ಮಾತನ್ನು ಹೇಳುವುದು ಅನುಚಿತವಾಗಲಾರದು.

ಎರಡನೆಯ ಪಕ್ಷದವರು ಯಾವುದನ್ನು ದೋಷವೆಂದು ಎಣಿಸುತ್ತಾರೆಯೋ ಅದರಲ್ಲಿಯೇ ಈ ವಿಷಯದ ಮುಖ್ಯ ಪ್ರಯೋಜನವಿದೆಯೆಂಬುದು ನನ್ನ ಅಭಿಪ್ರಾಯ. ಹಸುವನ್ನು ಮಗು ಕಣ್ಣಾರೆ ಕಂಡು ಕೈಯಾರೆ ಮುಟ್ಟಿ ತಿಳಿಯುತ್ತದೆ. ಆನೆಯನ್ನು ದೇವಸ್ಥಾನದ ಬಾಗಿಲಿನಲ್ಲಿಯೋ ಮೈಸೂರಿನ ಮೃಗಾಲಯದಲ್ಲಿಯೋ ತೋರಿಸಬಹುದು. ಡೈನೋಸಾರನ್ನು ಕಂಡ ಮನುಷ್ಯನು ಮಾತ್ರ ಎಂದೂ ಹುಟ್ಟಿಲ್ಲ. ಪಾಠ ಹೇಳುವ ತಾಯಿಯೂ ಅದನ್ನು ಕಂಡವಳಲ್ಲ, ಪುಸ್ತಕವನ್ನು ಬರೆದ ಪಂಡಿತನೂ ಕಂಡವನಲ್ಲ. ಹೀಗಿದ್ದೂ ಆ ಮೃಗವು ಏನನ್ನು ತಿನ್ನುತ್ತಿದ್ದಿತು, ಎಷ್ಟು ಎತ್ತರವಾಗಿದ್ದಿತು, ಎಲ್ಲಿ ಮೊಟ್ಟೆಯಿಡುತ್ತಿದ್ದಿತು ಎಂಬುದನ್ನು ಧೈರ್ಯವಾಗಿ ಹೇಳಬಲ್ಲೆವಾದರೆ ಅದು ಎಲುಬು, ಹಲ್ಲು, ಹೆಜ್ಜೆ, ಮೊಟ್ಟೆಯ ಚಿಪ್ಪು, ಲದ್ದಿ ಮೊದಲಾದ ಕುರುಹುಗಳ ಬಲದಿಂದಲೇ ಹೊರತು ಬೇರೆಯಲ್ಲ. ಪ್ರತ್ಯಕ್ಷದ ತರುವಾಯ ಅನುಮಾನವನ್ನು ಪ್ರಮಾಣಗಳಲ್ಲಿ ಸೇರಿಸಿದ ನಮ್ಮ ತಾರ್ಕಿಕರು ಬೆಟ್ಟದ ಮೇಲಣ ಹೊಗೆಯಿಂದ ಕಾಣದ ಬೆಂಕಿಯನ್ನು ಸಾಧಿಸಿ ತೋರಿಸಿದರಷ್ಟೆ. ಆ ವಿದ್ಯೆಯ ಓನಾಮವನ್ನು ನಾಲ್ಕು ವರ್ಷದ ಮಗುವಿಗೆ ಹಾಕಿಕೊಡಲು ಈ ಕಾಣದ ಮೃಗಕ್ಕಿಂತ ತಕ್ಕ ವಸ್ತುವನ್ನು ನಾನು ಅರಿಯೆ. ಆದುದರಿಂದ ಈ ಪಾಠವನ್ನು ಹೇಳುವವರು ಪ್ರತಿಯೊಂದು ಸಂಗತಿಯನ್ನೂ ಕುರುಹಿನಿಂದ ಆರಂಭಿಸಿ ಮೃಗದೆಡೆಗೆ ನಡೆಯಬೇಕಲ್ಲದೆ, ಬಣ್ಣದ ಪಟದಲ್ಲಿನ ಮೃಗವನ್ನು ಮೊದಲೇ ತೋರಿಸಿ ಹೆಸರನ್ನು ಉರು ಹೊಡೆಯಿಸತಕ್ಕದ್ದಲ್ಲ.

ಹೆಸರುಗಳ ವಿಷಯದಲ್ಲಿ ಒಂದು ಮಾತು. ಅವುಗಳನ್ನು ಕಲಿಯುವುದು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಮಕ್ಕಳಿಗೆ ದೀರ್ಘ ಶಬ್ದಗಳಲ್ಲಿ ಸಹಜವಾದ ಒಂದು ರುಚಿಯಿದ್ದೇ ಇದೆ. ಆದರೆ ಹೆಸರುಗಳ ಬಿಡಿ ರಾಶಿ ಬೇರೆ, ಹೆಸರುಗಳ ನಡುವಣ ಸಂಬಂಧ ಬೇರೆ. ಮಿಶಲೀನ್ ಚಿ ಮತ್ತು ರ್‍ಯಾಂಡಿ ಕೋಸ್ಕಿ ಎಂಬ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ನಾಲ್ಕೂವರೆ ವರ್ಷದ ಬಾಲಕನೊಬ್ಬನ ಡೈನೋಸಾರ್ ಜ್ಞಾನವನ್ನೇ ಪರೀಕ್ಷಾವಸ್ತುವನ್ನಾಗಿ ಮಾಡಿಕೊಂಡು 1983ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಆ ಬಾಲಕನು ಬಲ್ಲ 40 ಮೃಗಗಳನ್ನು ಅವರು ಎರಡು ಪಂಗಡ ಮಾಡಿದರು: ಅವನಿಗೆ ಚೆನ್ನಾಗಿ ಪರಿಚಿತವಾದ 20 ಒಂದು ಕಡೆ, ಅಷ್ಟಾಗಿ ಪರಿಚಿತವಲ್ಲದ 20 ಇನ್ನೊಂದು ಕಡೆ. ಮೊದಲನೆಯ ಪಂಗಡದ ಮೃಗಗಳು ಅವನ ಮನಸ್ಸಿನಲ್ಲಿ ಆಹಾರ, ಮೈಯ ರಕ್ಷಾಕವಚ, ಆಕಾರ ಮೊದಲಾದ ಲಕ್ಷಣಗಳಿಂದ ಒಂದಕ್ಕೊಂದು ಹೆಣೆದುಕೊಂಡು ಗುಂಪುಗಳಾಗಿ ನಿಂತಿದ್ದುವು, ಎರಡನೆಯವು ಬಿಡಿಬಿಡಿಯಾಗಿದ್ದುವು. ಹೆಣೆದುಕೊಂಡವು ಸುಲಭವಾಗಿ ನೆನಪಿಗೆ ಬಂದದ್ದಲ್ಲದೆ, ವರ್ಷದ ತರುವಾಯ ಮತ್ತೆ ವಿಚಾರಿಸಿದಾಗಲೂ ಹೆಚ್ಚಾಗಿ ಉಳಿದಿದ್ದುವು. ನೆಂಟರ ಮುಂದೆ ಮಗುವನ್ನು ನಿಲ್ಲಿಸಿ ಹೆಸರುಗಳನ್ನು ಹೇಳಿಸುವ ತಂದೆಯು, ಹೇಳಿಸಿದ ಮೇಲೆ ‘ಇವುಗಳಲ್ಲಿ ಸೊಪ್ಪು ತಿನ್ನುವುವು ಯಾವುವು, ಅದನ್ನು ಹೇಗೆ ತಿಳಿದೆ?’ ಎಂದು ಕೇಳುವ ಅಭ್ಯಾಸವನ್ನಿಟ್ಟುಕೊಂಡರೆ ಪ್ರದರ್ಶನವೂ ಪಾಠವಾದೀತು.

ಪಾಠವು ಹೆಜ್ಜೆಯಿಂದ ಮೊದಲಾಗುವುದು ಒಳ್ಳೆಯದು, ಏಕೆಂದರೆ ಅದಕ್ಕೆ ಕಾಸಿನ ಖರ್ಚಿಲ್ಲ. ಅಂಗಳದಲ್ಲಿಯೋ, ಅಂಗಳವಿಲ್ಲದ ಪಟ್ಟಣದ ಮನೆಯಾದರೆ ಒಂದು ಅಗಲವಾದ ತಟ್ಟೆಯಲ್ಲಿಯೋ ನುಣುಪಾದ ಮಣ್ಣನ್ನು ಹದವಾಗಿ ಕಲಸಿ ಹರಡಿ, ಮಗುವಿನ ಪಾದವನ್ನು ಅದರ ಮೇಲೆ ಇಡಿಸಬೇಕು. ಮೆಲ್ಲನೆ ನಡೆದ ಗುರುತು ಹೇಗೆ, ಓಡಿದ ಗುರುತು ಹೇಗೆ, ಒಂಟಿಕಾಲಿನಲ್ಲಿ ಕುಂಟಿದ ಗುರುತು ಹೇಗೆ ಎಂಬುದನ್ನು ಅದು ತಾನೇ ಕಂಡುಕೊಳ್ಳುವುದು. ಮರುದಿನ ಬೆಳಗ್ಗೆ ಅದರ ಮೇಲೆ ನಾಲ್ಕು ಕಾಳನ್ನು ಎರಚಿಟ್ಟರೆ ಕಾಗೆಯೋ ಪಾರಿವಾಳವೋ ಕೋಳಿಯೋ ಬಂದು ತನ್ನ ರುಜುವನ್ನು ಹಾಕಿ ಹೋಗುವುದುಂಟು. ರಾತ್ರಿಯೇ ನಾಯಿ ಬಂದು ಹೋಗಿದ್ದರಂತೂ ಇನ್ನೂ ಉತ್ತಮ. ಬಂದವರು ಯಾರು, ಎತ್ತಣಿಂದ ಬಂದರು, ಎಷ್ಟು ಬೆರಳು, ಉಗುರಿದೆಯೇ ಇಲ್ಲವೇ ಎಂದು ವಿಚಾರಿಸುವಾಗ ಮಗುವಿಗೆ ಎಣಿಕೆ ಬರುತ್ತದೆ, ಎಡಬಲಗಳ ತಿಳಿವಳಿಕೆ ಬರುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಬಂದವನು ಈಗ ಇಲ್ಲದಿದ್ದರೂ ಬಂದಿದ್ದನೆಂದು ಹೇಳಬಹುದೆಂಬ ಅರಿವು ಬರುತ್ತದೆ. ಆ ಮಣ್ಣನ್ನು ಬಿಸಿಲಿನಲ್ಲಿ ಒಣಗಲು ಬಿಟ್ಟರೆ ಗುರುತು ಗಟ್ಟಿಯಾಗಿ ನಿಲ್ಲುವುದನ್ನೂ ತೋರಿಸಬಹುದು. ಪಳೆಯುಳಿಕೆಯೆಂಬ ಮಾತನ್ನು ಅಂದು ಹೇಳಿದರೆ ಅದು ಅರ್ಥಸಹಿತವಾಗಿ ಕಿವಿಗೆ ಬೀಳುತ್ತದೆ.

ಇನ್ನು ಎಲುಬು. ಇಲ್ಲಿ ನಮ್ಮ ದೇಶದ ಮೃಗವನ್ನೇ ಮುಂದಿಟ್ಟುಕೊಳ್ಳಬೇಕೆಂಬುದು ನನ್ನ ಹಟವೆಂದು ಬೇಕಾದರೆ ತಿಳಿಯಿರಿ. ಅಂಗಡಿಯಲ್ಲಿ ದೊರೆಯುವ ಪುಸ್ತಕಗಳೆಲ್ಲ ಅಮೆರಿಕದ ಟಿರಾನೋಸಾರಸನ್ನೇ ಮೆರೆಸುತ್ತಿರುವಾಗ, ಗೋದಾವರಿಯ ತೀರದಲ್ಲಿಯೂ ನರ್ಮದೆಯ ತೀರದಲ್ಲಿಯೂ ಅದರ ಬಂಧುಗಳು ಸಂಚರಿಸುತ್ತಿದ್ದುವೆಂಬುದನ್ನು ನಮ್ಮ ಮಕ್ಕಳು ಅರಿಯದೆಯೇ ಬೆಳೆಯುತ್ತಾರೆ. ಪ್ರಶಾಂತ ಚಂದ್ರ ಮಹಾಲನೋಬಿಸರು ಸ್ಥಾಪಿಸಿದ ಕೊಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಅಂಕೆಸಂಖ್ಯೆಗಳ ಜತೆಗೆ ಭೂವಿಜ್ಞಾನಕ್ಕೂ ಒಂದು ವಿಭಾಗವಿದ್ದಿತು. ಅಲ್ಲಿಯ ವಿದ್ವಾಂಸರು ಪ್ರಾಣಹಿತಾ ಗೋದಾವರಿ ಕಣಿವೆಯಲ್ಲಿ ಅಗೆದು ತೆಗೆದ ಸುಮಾರು 300 ಎಲುಬುಗಳಿಂದ ಒಂದು ಮಹಾಕಾಯದ ಸಸ್ಯಾಹಾರಿಯನ್ನು ಗುರುತಿಸಿ, 1975ರಲ್ಲಿ ಅದಕ್ಕೆ ಬಾರಾಪಾಸಾರಸ್ ಟಾಗೋರೈ ಎಂದು ನಾಮಕರಣ ಮಾಡಿದರು. ಉತ್ಖನನ ನಡೆದುದು ಕವಿ ರವೀಂದ್ರರ ಜನ್ಮಶತಾಬ್ದಿಯ ಕಾಲದಲ್ಲಾದುದರಿಂದ ಕವಿಯ ಹೆಸರು ಮೃಗಕ್ಕೆ ಬಂದಿತು. ಇಂತಹ ಗೌರವವು ಬೇರೆ ಎಷ್ಟು ಕವಿಗಳಿಗೆ ಲಭಿಸಿದೆಯೋ ಕಾಣೆ. ಸುಮಾರು 19 ಕೋಟಿ ವರ್ಷಗಳ ಹಿಂದಿನ ಆ ಮೃಗದ ಅಸ್ಥಿಪಂಜರವು ಈಗ ಆ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ.

ಅದರ ತೊಡೆಯ ಎಲುಬೊಂದೇ 1.7 ಮೀಟರ್ ಉದ್ದ. ಈ ಅಂಕೆಯು ಮಗುವಿನ ಪಾಲಿಗೆ ಬರಿಯ ಸದ್ದು. ಆದರೆ ನೆಲದ ಮೇಲೆ ರಂಗೋಲಿ ಪುಡಿಯಿಂದ ಅಷ್ಟುದ್ದದ ಎಲುಬನ್ನು ಬರೆದು, ಪಕ್ಕದಲ್ಲಿ ಮಗುವನ್ನು ಮಲಗಿಸಿ ಅದರ ಸುತ್ತಲೂ ಗೆರೆಯೆಳೆದರೆ, ಮೀಟರು ಎತ್ತರದ ತಾನು ಒಂದು ಎಲುಬಿನ ಮುಂದೆ ಎಷ್ಟು ಮಾತ್ರದವನೆಂಬುದು ಅದಕ್ಕೆ ತಕ್ಷಣ ವೇದ್ಯವಾಗುವುದು. ಆಮೇಲೆ ತಂದೆಯೂ ಮಲಗಿ ನೋಡಲಿ. ಅನೇಕ ತಂದೆಯರು ಆ ಎಲುಬಿಗಿಂತ ಗಿಡ್ಡರೆಂದು ತೀರ್ಮಾನವಾಗಿ ಮನೆಯಲ್ಲಿ ನಗೆಯೇಳುವುದು. ಅದೇ ಎಲುಬನ್ನು ಮೊಳ ಹಾಕಿ ಅಳೆಯಿಸಬೇಕು. ತಾಯಿಯ ಮೊಳದಲ್ಲಿ ಅದು ಹೆಚ್ಚು ಕಡಿಮೆ ನಾಲ್ಕಾಗುತ್ತದೆ, ಮಗುವಿನ ಮೊಳದಲ್ಲಿ ಆರೋ ಏಳೋ ಆಗುತ್ತದೆ; ಎಲುಬು ಒಂದೇ ಆಗಿರುವಾಗ ಲೆಕ್ಕ ಎರಡಾದುದೇಕೆಂಬ ಪ್ರಶ್ನೆಯು ತಾನಾಗಿಯೇ ಏಳುತ್ತದೆ. ಅದನ್ನು ಒಡನೆಯೇ ವಿವರಿಸಿ ಕೆಡಿಸಬಾರದು. ಗೇಣು, ಮೊಳ, ಮಾರುಗಳಿಂದ ಅಳೆಯುವ ನಮ್ಮ ಹಳೆಯ ಪದ್ಧತಿ, ಹೂ ಮಾರುವವಳ ಮೊಳಕ್ಕೂ ಕೊಳ್ಳುವವಳ ಮೊಳಕ್ಕೂ ದಿನಾ ನಡೆಯುವ ವ್ಯಾಜ್ಯ, ಕೊನೆಗೆ ಎಲ್ಲರೂ ಒಪ್ಪಿದ ಅಳತೆಯ ಕೋಲು ಬೇಕಾದುದು, ಇಷ್ಟನ್ನೂ ಆ ಒಂದು ಎಲುಬಿನ ಮೇಲೆ ಎರಡು ಮೂರು ಸಂಜೆ ಆಡಿಸಬಹುದು. ಇಡೀ ಮೃಗವನ್ನು ಬರೆಯಬೇಕೆಂದರೆ ತಾರಸಿಯು ಸಾಲದು, ಬೀದಿಗಿಳಿಯಬೇಕು. ಅದರ ಉದ್ದ 14 ಮೀಟರಿನಷ್ಟೆಂದು ಒಂದು ಅಂದಾಜುಂಟು. ಸಾರಿಗೆ ಬಸ್ಸಿಗಿಂತ ಉದ್ದವಾದ ಚಿತ್ರವನ್ನು ನೆರೆಯ ಮಕ್ಕಳೆಲ್ಲ ಸೇರಿ ಬರೆದರೆಂದರೆ ಆ ದಿನ ಬೇರೆ ಪಾಠ ಬೇಡ.

ಚಿತ್ರವನ್ನು ಬರೆಯುತ್ತ ಕತ್ತಿನ ತುದಿಗೆ ಬಂದಾಗ ಒಂದು ವಿಶೇಷವನ್ನು ಮಕ್ಕಳಿಗೆ ಹೇಳತಕ್ಕದ್ದು. ಆರು ಮೃಗಗಳಿಗೆ ಕಡಮೆಯಿಲ್ಲದಷ್ಟು ಎಲುಬುಗಳು ದೊರೆತಿದ್ದರೂ ಬಾರಾಪಾಸಾರಸಿನ ತಲೆಬುರುಡೆ ಮಾತ್ರ ದೊರೆತಿಲ್ಲ, ಹಲ್ಲುಗಳು ದೊರೆತಿವೆ. ಪಟದಲ್ಲಿಯೂ ಪ್ರತಿಮೆಯಲ್ಲಿಯೂ ನಾವು ಕಾಣುವ ತಲೆಯು ಅದರ ಬಂಧುಗಳ ತಲೆಯನ್ನು ನೋಡಿ ಪಂಡಿತರು ಊಹಿಸಿ ಇಟ್ಟುದು. ‘ಇದು ಸಿಕ್ಕಿದ್ದು, ಇದು ಊಹಿಸಿದ್ದು’ ಎಂಬ ಈ ವಿಭಾಗವನ್ನು ಮಗು ಎಷ್ಟು ಬೇಗ ಗ್ರಹಿಸುತ್ತದೆಂಬುದು ಆಶ್ಚರ್ಯಕರವಾದುದು. ದೊರೆತ ಭಾಗಕ್ಕೆ ಬಿಳಿಯ ಪುಡಿ, ಊಹಿಸಿದ ಭಾಗಕ್ಕೆ ಬಣ್ಣದ ಪುಡಿ ಎಂದು ಗೊತ್ತುಮಾಡಿದರೆ ಸಾಕು. ಜೇಡಿಮಣ್ಣಿನಲ್ಲಿ ಪ್ರತಿಯೊಂದು ಮಗುವೂ ತನಗೆ ತೋಚಿದ ತಲೆಯನ್ನು ಮಾಡಿ ಇಡಲಿ. ಹಲ್ಲು ಸೊಪ್ಪನ್ನು ತಿನ್ನಲು ತಕ್ಕದ್ದಾಗಿರಬೇಕೆಂಬ ಒಂದೇ ನಿಯಮವಿದ್ದರಾಯಿತು.

ಪಂಡಿತರ ಊಹೆಯೂ ತಪ್ಪುವುದುಂಟೆಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ; ಹಿರಿಯರ ತಪ್ಪಿನ ಕಥೆಯಷ್ಟು ಹಿತವಾದುದು ಮಕ್ಕಳಿಗೆ ಬೇರೊಂದಿಲ್ಲ. ಇಂಗ್ಲೆಂಡಿನ ವೈದ್ಯ ಗಿಡಿಯನ್ ಮಾಂಟೆಲನು 1825ರಲ್ಲಿ ಇಗ್ವಾನೊಡಾನ್ ಎಂಬ ಮೃಗವನ್ನು ಲೋಕಕ್ಕೆ ಪರಿಚಯಿಸಿದನು. ಅದರ ಎಲುಬುಗಳೊಡನೆ ದೊರೆತ ಒಂದು ಚೂಪಾದ ಮುಳ್ಳನ್ನು, ಖಡ್ಗಮೃಗದ ಕೊಂಬನ್ನು ನೆನೆದು ಮೂಗಿನ ಮೇಲೆ ಇರಿಸಲಾಯಿತು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದಲ್ಲಿ ವಾಟರ್‌ಹೌಸ್ ಹಾಕಿನ್ಸನು ನಿರ್ಮಿಸಿದ ಭಾರಿ ಪ್ರತಿಮೆಗಳಲ್ಲಿ ಆ ಕೊಂಬು ಮೂಗಿನ ಮೇಲೆಯೇ ಸ್ಥಿರವಾಯಿತು. ಇಂದಿಗೂ ಅಲ್ಲಿಯೇ ಇದೆ. (ಪ್ರತಿಮೆ ಮುಗಿಯುವ ಮುನ್ನ ಅದರ ಅಚ್ಚಿನೊಳಗೆ ಕುಳಿತು ವಿದ್ವಾಂಸರು ಔತಣವನ್ನುಂಡರೆಂಬ ಸಂಗತಿಯನ್ನು ಹೇಳಿದರೆ ಮಕ್ಕಳು ಮತ್ತೆ ಮತ್ತೆ ಹೇಳಿಸುತ್ತಾರೆ.) 1878ರಲ್ಲಿ ಬೆಲ್ಜಿಯಮ್ಮಿನ ಬೆರ್ನಿಸ್ಸಾರ್ ಎಂಬಲ್ಲಿ ಕಲ್ಲಿದ್ದಲ ಗಣಿಯ ಆಳದಲ್ಲಿ ಆ ಮೃಗದ ಇಡಿಯಿಡಿಯ ಅಸ್ಥಿಪಂಜರಗಳು ಹತ್ತಾರು ದೊರೆತಾಗಲೇ ಅದು ಮೂಗಿನ ಕೊಂಬಲ್ಲ, ಕೈಯ ಹೆಬ್ಬೆರಳಿನ ಮುಳ್ಳೆಂದು ನಿಶ್ಚಯವಾದುದು. ಮಗುವಿಗೆ ಒಂದು ಆಟ: ಅದರ ಹೆಬ್ಬೆರಳಿಗೆ ಕಾಗದದ ಕೊಳವೆಯನ್ನು ಸಿಕ್ಕಿಸಿ, ಅದನ್ನೇ ಮೂಗಿನ ಮೇಲಿಟ್ಟುಕೊಂಡು ನಡೆಯಹೇಳಿ, ಎರಡರಲ್ಲಿ ಯಾವುದು ಉಪಯುಕ್ತವೆಂದು ಕೇಳುವುದು.

ಇದಕ್ಕಿಂತ ರೋಚಕವಾದುದು ನಮ್ಮ ಗುಜರಾತಿನ ಕಥೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಧನಂಜಯ ಮೋಹಬೆಯವರು ಧೋಳಿ ಡುಂಗ್ರಿ ಎಂಬ ಹಳ್ಳಿಯ ಸಮೀಪದಲ್ಲಿ ಡೈನೋಸಾರಿನ ಮೊಟ್ಟೆಗಳನ್ನೂ ಅವುಗಳ ಜತೆಗೆ ಸಣ್ಣ ಎಲುಬುಗಳನ್ನೂ ಕಂಡು, ಆಗತಾನೆ ಹೊರಬಂದ ಮರಿಯ ಎಲುಬುಗಳೆಂದು ವರದಿ ಮಾಡಿದರು. ವರ್ಷಗಳು ಕಳೆದ ಮೇಲೆ, 2001ರಲ್ಲಿ, ಅಮೆರಿಕದ ಜೆಫ್ರಿ ವಿಲ್ಸನ್ ಎಂಬ ವಿದ್ವಾಂಸರು ಅದೇ ಕಲ್ಲನ್ನು ನೋಡುತ್ತಿದ್ದಾಗ ಅವುಗಳಲ್ಲಿ ಕೆಲವು ಹಾವಿನ ಬೆನ್ನೆಲುಬುಗಳೆಂಬುದು ಗೋಚರಿಸಿತು. ಒಡೆದ ಮೊಟ್ಟೆಯನ್ನು ಸುತ್ತಿಕೊಂಡು ಮೂರೂವರೆ ಮೀಟರ್ ಉದ್ದದ ಹಾವು, ಪಕ್ಕದಲ್ಲಿ ಅರ್ಧ ಮೀಟರಿನ ಮರಿ. ಮಣ್ಣು ಕುಸಿದು ಮೂವರನ್ನೂ ಒಟ್ಟಿಗೆ ಹೂಳಿದಂತಿದ್ದಿತು. 2010ರಲ್ಲಿ ಆ ಹಾವಿಗೆ ಸನಾಜೆ ಇಂಡಿಕಸ್ ಎಂಬ ಹೆಸರಾಯಿತು. ಎಲುಬುಗಳು ಮೊದಲಿದ್ದುವೇ, ಹೊಸದಾಗಿ ಬಂದುದು ನೋಡುವ ಕಣ್ಣು. ಮರಳಿನ ತಟ್ಟೆಯಲ್ಲಿ ಕಡ್ಡಿಗಳನ್ನೂ ಕಪ್ಪೆಚಿಪ್ಪುಗಳನ್ನೂ ಹೂತಿಟ್ಟು ಮಕ್ಕಳಿಂದ ಕುಂಚದಿಂದ ತೆಗೆಯಿಸುವ ಆಟವು ಈಗ ಬಹು ಪ್ರಚಾರದಲ್ಲಿರುವುದಷ್ಟೆ. ಆ ಆಟದಲ್ಲಿ ವಸ್ತುವನ್ನು ಕಿತ್ತು ತೆಗೆಯುವ ಆತುರವೇ ಹೆಚ್ಚಾಗಿ, ಅದು ಎಲ್ಲಿ, ಯಾವುದರ ಪಕ್ಕದಲ್ಲಿ, ಯಾವ ಮೊಗವಾಗಿ ಬಿದ್ದಿದ್ದಿತೆಂಬುದನ್ನು ಯಾರೂ ಲಕ್ಷಿಸುವುದಿಲ್ಲ. ಹಾವು ಮೊಟ್ಟೆಯನ್ನು ಸುತ್ತಿತ್ತೆಂಬ ಅಂಶವಿಲ್ಲದಿದ್ದರೆ ಆ ಕಥೆಯೇ ಇಲ್ಲ. ಆದುದರಿಂದ ಎತ್ತುವ ಮುನ್ನ ಒಂದು ಹಾಳೆಯಲ್ಲಿ ಸೊಟ್ಟಗಾದರೂ ಸರಿ, ಅದರ ಸ್ಥಾನವನ್ನು ಮಗುವಿನಿಂದ ಬರೆಯಿಸಿಯೇ ಮುಂದುವರಿಯಬೇಕು.

ಮೊಟ್ಟೆಯ ವಿಷಯಕ್ಕೆ ಬಂದಮೇಲೆ ಮಧ್ಯಪ್ರದೇಶದ ಧಾರ್ ಜಿಲ್ಲೆಯನ್ನು ಹೇಳದೆ ಬಿಡಲಾಗದು. ಅಲ್ಲಿ 92 ಗೂಡುಗಳಲ್ಲಿ 256 ಮೊಟ್ಟೆಗಳನ್ನು ಗುರುತಿಸಿದ ವರದಿಯು 2023ರಲ್ಲಿ ಪ್ರಕಟವಾಯಿತು. ಬಸ್ಸಿನಷ್ಟು ಬೆಳೆಯುವ ಮೃಗದ ಮೊಟ್ಟೆಯು ಗೇಣಿಗಿಂತ ಕಿರಿದು, ನಾರು ಸುಲಿದ ದೊಡ್ಡ ತೆಂಗಿನಕಾಯಿಗಿಂತ ತುಸುವೇ ಹಿರಿದು ಎಂಬುದನ್ನು ಮಗು ಒಪ್ಪುವುದು ಕಷ್ಟ; ಅಡುಗೆಮನೆಯಿಂದ ತೆಂಗಿನಕಾಯಿಯನ್ನು ತಂದು ಕೈಯಲ್ಲಿಡಬೇಕು. ಗೂಡುಗಳು ಒಂದರ ಪಕ್ಕದಲ್ಲೊಂದು ಬಹಳ ಒತ್ತಾಗಿದ್ದುದರಿಂದ, ಅಷ್ಟು ದೊಡ್ಡ ತಾಯಿ ಅವುಗಳ ನಡುವೆ ಓಡಾಡಿ ಮರಿಗಳನ್ನು ಸಲಹುತ್ತಿರಲಾರದೆಂದು ವಿದ್ವಾಂಸರು ತರ್ಕಿಸಿದ್ದಾರೆ. ಇದನ್ನು ಹೇಳಿದಾಗ ಕೆಲವು ಮಕ್ಕಳ ಮೋರೆ ಬಾಡುವುದುಂಟು. ಕಡಲಾಮೆಯೂ ಮರಳಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆಂದು ಹೇಳಿದರೆ ಸಮಾಧಾನವಾದೀತು, ಆಗದೆಯೂ ಹೋದೀತು.

ಲದ್ದಿಯ ಪ್ರಸ್ತಾಪವಿಲ್ಲದೆ ಈ ಪಾಠವು ಪೂರ್ಣವಾಗದು. ಮರ್ಯಾದೆಯನ್ನು ಮುಂದುಮಾಡಿ ಅದನ್ನು ಬಿಟ್ಟರೆ ಮಕ್ಕಳೇ ತರುತ್ತಾರೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಪಿಸ್ದುರಾ ಎಂಬಲ್ಲಿ ಕಲ್ಲಾಗಿ ಹೋದ ಲದ್ದಿಯ ಉಂಡೆಗಳು ದೊರೆಯುತ್ತವೆ. ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ವಂದನಾ ಪ್ರಸಾದ್ ಮತ್ತು ಅವರ ಸಂಗಡಿಗರು ಅವುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಹುಲ್ಲಿನಲ್ಲಿ ಮಾತ್ರ ಇರತಕ್ಕ ಮರಳಿನಂತಹ ಅಣುಗಾತ್ರದ ಹರಳುಗಳನ್ನು ಕಂಡರು. ಅವುಗಳಲ್ಲಿ ಕೆಲವು ಭತ್ತದ ಕುಲಕ್ಕೆ ಹತ್ತಿರವಾದುವು. 2005ರಲ್ಲಿ ಇದು ಪ್ರಕಟವಾಗುವವರೆಗೆ ಡೈನೋಸಾರುಗಳ ಕಾಲದಲ್ಲಿ ಹುಲ್ಲೇ ಇರಲಿಲ್ಲವೆಂಬ ನಂಬಿಕೆ ಸಾಮಾನ್ಯವಾಗಿದ್ದಿತು. ಕೊಟ್ಟಿಗೆಯಿರುವ ಮನೆಯವರಿಗೆ ಇಲ್ಲಿ ಅನುಕೂಲ ಹೆಚ್ಚು: ಒಣಗಿದ ಬೆರಣಿಯೊಂದನ್ನು ಮುರಿದು ಅದರೊಳಗಣ ಹುಲ್ಲಿನ ಎಳೆಗಳನ್ನು ತೋರಿಸಿದರೆ, ಹಸುವನ್ನು ನೋಡದೆಯೇ ಅದರ ಊಟವನ್ನು ಹೇಳಬಹುದೆಂಬುದು ಸಿದ್ಧವಾಗುತ್ತದೆ. ಹಲ್ಲಿನ ಪಾಠವನ್ನು ಇದರ ಬೆನ್ನಿಗೇ ಕೊಡಬಹುದು. ಕನ್ನಡಿಯ ಮುಂದೆ ಮಗು ತನ್ನ ಕೋರೆಹಲ್ಲನ್ನೂ ದವಡೆಹಲ್ಲನ್ನೂ ನೋಡಿಕೊಂಡು, ಚಕ್ಕುಲಿಯನ್ನು ಕಡಿಯುವುದು ಯಾವುದರಿಂದ, ಅರೆಯುವುದು ಯಾವುದರಿಂದ ಎಂದು ತಾನೇ ಪರೀಕ್ಷಿಸಲಿ. ಈ ಪರೀಕ್ಷೆಯನ್ನು ಯಾವ ಮಗುವೂ ನಿರಾಕರಿಸಿದುದನ್ನು ನಾನು ಕೇಳಿಲ್ಲ.

ಬಣ್ಣ ಹಚ್ಚುವ ಪುಸ್ತಕಗಳು ಈ ವಿಷಯದ ಅವಿಭಾಜ್ಯ ಅಂಗವೆನ್ನಿಸಿಕೊಂಡಿವೆ. ನಮ್ಮ ಮನೆಯ ಮೊಮ್ಮಗಳು ಒಂದು ದಿನ ಅಂತಹ ಪುಸ್ತಕವನ್ನು ಹಿಡಿದು ಬಂದು, “ತಾತಾ, ಇದು ಹಸಿರು ಅಂತ ಯಾರು ನೋಡಿದ್ರು?” ಎಂದಳು.

“ಯಾರೂ ನೋಡಿಲ್ಲ, ಪುಟ್ಟಿ.”

“ಮತ್ತೆ ಹಸಿರು ಯಾಕೆ ಹಾಕಿದಾರೆ?”

“ಬರೆದವರ ಮನಸ್ಸಿಗೆ ಬಂತು, ಹಾಕಿದ್ರು.”

“ಹಾಗಾದ್ರೆ ನಾನು ಕುಂಕುಮದ ಬಣ್ಣ ಹಾಕ್ತೀನಿ,” ಎಂದು ಹೇಳಿ ಹಾಗೆಯೇ ಮಾಡಿದಳು. ಶಾಸ್ತ್ರದ ದೃಷ್ಟಿಯಿಂದ ಅವಳ ಪಕ್ಷವು ದುರ್ಬಲವಾದುದಲ್ಲ. ಬಹುಪಾಲು ಡೈನೋಸಾರುಗಳ ಬಣ್ಣವು ತಿಳಿಯದು. ಚೀನಾದಲ್ಲಿ ದೊರೆತ ಸೈನೋಸಾರಾಪ್ಟೆರಿಕ್ಸ್ ಎಂಬ ಸಣ್ಣ ಮೃಗದ ಮೈಮೇಲಣ ನವಿರಾದ ತುಪ್ಪಳದಲ್ಲಿ ಬಣ್ಣದ ಕಣಗಳು ಅಚ್ಚಳಿಯದೆ ಉಳಿದಿದ್ದುದರಿಂದ, ಅದರ ಬಾಲದಲ್ಲಿ ಕಂದುಗೆಂಪು ಮತ್ತು ಬಿಳಿಯ ಪಟ್ಟೆಗಳಿದ್ದುವೆಂದು 2010ರಲ್ಲಿ ಪ್ರತಿಪಾದಿತವಾಯಿತು. ಹೀಗೆ ಬಣ್ಣವು ನಿರ್ಣಯವಾಗಿರುವ ಮೃಗಗಳು ಕೆಲವೇ ಕೆಲವು. ಆದುದರಿಂದ ಹಸಿರು ಹಾಕಲಿಲ್ಲವೆಂದು ಮಗುವನ್ನು ಗದರಿಸುವ ಅಧಿಕಾರ ಯಾವ ಉಪಾಧ್ಯಾಯರಿಗೂ ಇಲ್ಲ.

ಕಾಲದ ಪಾಠವೊಂದು ಮಾತ್ರ ನಿಜವಾಗಿ ಕಠಿನವಾದುದು. ನಾಳೆ ಬರುವ ಹಬ್ಬವೇ ದೂರವಾಗಿ ತೋರುವ ವಯಸ್ಸಿನಲ್ಲಿ ಕೋಟಿ ವರ್ಷಗಳ ಮಾತೆತ್ತಿದರೆ ಅದು ಕಿವಿಯ ಮೇಲೆ ಹಾದು ಹೋಗುತ್ತದಷ್ಟೆ. ಬಟ್ಟೆ ಒಣಗಿಸುವ ಹಗ್ಗವನ್ನು ತೆಗೆದುಕೊಂಡು, ಒಂದು ಮೀಟರಿಗೆ ಒಂದು ಕೋಟಿ ವರ್ಷವೆಂದು ಲೆಕ್ಕವಿಟ್ಟು, ನಾವು ನಿಂತ ತುದಿಯನ್ನು ಇಂದೆಂದು ಭಾವಿಸೋಣ. ಮೊದಲ ಡೈನೋಸಾರುಗಳು ಸುಮಾರು 23 ಮೀಟರಿನ ದೂರದಲ್ಲಿ ಕಾಣಿಸಿಕೊಳ್ಳುತ್ತವೆ, ಬಾರಾಪಾಸಾರಸ್ 19ರ ಸಮೀಪದಲ್ಲಿ, ಬೆನ್ನ ಮೇಲೆ ಫಲಕಗಳುಳ್ಳ ಸ್ಟೆಗೋಸಾರಸ್ 15ರಲ್ಲಿ, ಟಿರಾನೋಸಾರಸ್ 7ಕ್ಕೂ ಈಚೆಗೆ, 6.6 ಮೀಟರಿನ ಬಳಿ ಅವೆಲ್ಲ ಮುಗಿದುವು. ಮನುಷ್ಯಕುಲದ ಮೂರು ಲಕ್ಷ ವರ್ಷಗಳಿಗೆ ಮೂರು ಸೆಂಟಿಮೀಟರು, ಎಂದರೆ ಮಗುವಿನ ಹಿಡಿಯಲ್ಲಿ ಮುಚ್ಚಿಹೋಗುವಷ್ಟು. ಪಟಗಳಲ್ಲಿ ಒಂದರೊಡನೊಂದು ಕಾದಾಡುವ ಸ್ಟೆಗೋಸಾರಸಿಗೂ ಟಿರಾನೋಸಾರಸಿಗೂ ನಡುವಣ ಅಂತರವು, ಟಿರಾನೋಸಾರಸಿಗೂ ನಮಗೂ ನಡುವಣ ಅಂತರಕ್ಕಿಂತ ದೊಡ್ಡದೆಂಬುದು ಹಗ್ಗವನ್ನು ಎಳೆದಾಗ ಹಿರಿಯರಿಗೇ ಬೆರಗನ್ನು ತರುತ್ತದೆ. ಮಗುವಿಗೆ ಸಂಖ್ಯೆ ಬೇಡ. ಒಂದು ತುದಿಯಿಂದ ಇನ್ನೊಂದಕ್ಕೆ ಓಡಿ ಬರಲಿ.

ನಮ್ಮ ಊರಿನಲ್ಲಿಯೂ ಅಗೆದರೆ ಸಿಗುತ್ತದೆಯೇ ಎಂಬ ಪ್ರಶ್ನೆಯು ಇದಾದ ಮೇಲೆ ಬಂದೇ ಬರುತ್ತದೆ. ಬೆಂಗಳೂರಿನ ಮಕ್ಕಳನ್ನು ಲಾಲ್‌ಬಾಗಿನ ಬಂಡೆಯ ಮೇಲೆ ನಿಲ್ಲಿಸಿ ಇದಕ್ಕೆ ಉತ್ತರ ಹೇಳಬಹುದು. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ನಮ್ಮ ಹಗ್ಗವನ್ನು ಅಲ್ಲಿಯವರೆಗೆ ಎಳೆಯಬೇಕಾದರೆ 300 ಮೀಟರ್ ಬೇಕು. ನೆಲದಾಳದ ಬೇಗೆಗೂ ಒತ್ತಡಕ್ಕೂ ಸಿಕ್ಕಿ ಮಾರ್ಪಟ್ಟ, ಎಲುಬುಳ್ಳ ಪ್ರಾಣಿಯೊಂದೂ ಲೋಕದಲ್ಲಿಲ್ಲದಾಗ ಹುಟ್ಟಿದ ಶಿಲೆಯದು. ಬೆಳಗಾವಿ, ಬಿಜಾಪುರ, ಬೀದರ್‌ಗಳ ಕಡೆಯ ಕರಿಯ ಕಲ್ಲು ಡೈನೋಸಾರುಗಳ ಅಂತ್ಯಕಾಲದ ಆಸುಪಾಸಿನದೇ ಆದರೂ ಅದು ನೆಲವು ಬಿರಿದು ಹರಿದ ಲಾವಾರಸ. ಎಲುಬನ್ನು ಜೋಪಾನ ಮಾಡುವುದು ನದಿ ಕೆರೆಗಳ ಮೆಕ್ಕಲು ಗಟ್ಟಿಗೊಂಡ ಪದರುಗಲ್ಲೇ ಹೊರತು ಲಾವಾ ಅಲ್ಲ. ಗೋದಾವರಿ ಕಣಿವೆಗೂ ಗುಜರಾತಿಗೂ ಇದ್ದ ಭಾಗ್ಯ ನಮಗೆ ಇಲ್ಲವಾದುದು ಹೀಗೆ. ಎಲುಬನ್ನು ನೋಡಲೇಬೇಕೆಂಬ ಹಟ ಹಿಡಿದ ಮಗುವಿರುವ ಸಂಸಾರವು, ಅನುಕೂಲವಿದ್ದರೆ, ಗುಜರಾತಿನ ಬಾಲಾಸಿನೋರಿನ ಬಳಿಯ ರಯ್ಯೋಲಿಗೆ ಹೋಗಿಬರಬಹುದು. ಅಲ್ಲಿ ದೊರೆತ ಮಾಂಸಾಹಾರಿಗೆ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಎಂದು ಹೆಸರಾಗಿದೆ, ವಸ್ತುಸಂಗ್ರಹಾಲಯವೂ ಇದೆ.

ಆಟದ ಸಾಮಾನಿನ ಅಂಗಡಿಯ ವಿಷಯವಾಗಿ ಹೆಚ್ಚು ಹೇಳಲಾರೆ. ಒಂದೇ ಚೀಲದಲ್ಲಿ ಡೈನೋಸಾರನ್ನೂ, ರೋಮಶವಾದ ಆನೆಯನ್ನೂ, ಗದೆ ಹಿಡಿದ ಗುಹಾಮಾನವನನ್ನೂ ತುಂಬಿ ಮಾರುವವರೊಡನೆ ವಾದಿಸಿ ಫಲವಿಲ್ಲ. ಮನೆಗೆ ತಂದ ಮೇಲೆ ಹಗ್ಗದ ಮೇಲೆ ಅವರವರ ಸ್ಥಳದಲ್ಲಿ ನಿಲ್ಲಿಸಿದರೆ ಆ ಚೀಲವೂ ಪ್ರಯೋಜನಕ್ಕೆ ಬಂದೀತು. 1993ರ ಜುರಾಸಿಕ್ ಪಾರ್ಕ್ ಚಲನಚಿತ್ರವು ಆಳೆತ್ತರಕ್ಕೆ ಬೆಳೆಸಿ ತೋರಿಸಿದ ವೆಲಾಸಿರ್ಯಾಪ್ಟರ್ ವಸ್ತುತಃ ದೊಡ್ಡ ಕೋಳಿಯೊಂದರ ಎತ್ತರದ, ಗರಿಗಳುಳ್ಳ ಪ್ರಾಣಿಯಾಗಿದ್ದಿತು. ಇದನ್ನು ತಿಳಿಸಿದರೆ ರಾತ್ರಿ ಬೆಚ್ಚಿ ಏಳುವ ಮಗುವಿಗೆ ಧೈರ್ಯ ಬರುವುದೆಂದು ಕೆಲವರು ಹೇಳುತ್ತಾರೆ. ಹುಂಜವು ಅಟ್ಟಿಸಿಕೊಂಡು ಬಂದುದನ್ನು ಅನುಭವಿಸಿದ ಮಗುವಿಗೆ ಬರಲಿಕ್ಕಿಲ್ಲ.

ಕೊನೆಗೆ, ಅವೆಲ್ಲ ಸತ್ತುಹೋದುದೇಕೆಂಬ ಪ್ರಶ್ನೆ. ಹತ್ತು ಕಿಲೋಮೀಟರಿನಷ್ಟು ದೊಡ್ಡದಾದ ಬಂಡೆಯೊಂದು ಆಕಾಶದಿಂದ ಈಗಿನ ಮೆಕ್ಸಿಕೋ ದೇಶದ ಯುಕಾಟನ್ ತೀರದಲ್ಲಿ ಬಿದ್ದು, ಎದ್ದ ಧೂಳು ಸೂರ್ಯನನ್ನು ಮರೆಸಿ, ಗಿಡಗಳು ಸತ್ತು, ಗಿಡಗಳನ್ನು ತಿನ್ನುವುವು ಸತ್ತು, ಅವನ್ನು ತಿನ್ನುವುವೂ ಸತ್ತುವೆಂಬ ಸರಣಿಯನ್ನು ಮಗು ಕಥೆಯಂತೆಯೇ ಕೇಳುತ್ತದೆ. ಅದಕ್ಕೂ ಕುರುಹುಂಟು: ಭೂಮಿಯ ಮೇಲ್ಪದರಿನಲ್ಲಿ ಅಪರೂಪವಾಗಿಯೂ ಆಕಾಶದಿಂದ ಬೀಳುವ ಕಲ್ಲುಗಳಲ್ಲಿ ಹೆಚ್ಚಾಗಿಯೂ ಇರುವ ಇರಿಡಿಯಮ್ ಧಾತುವು ಆ ಕಾಲದ ತೆಳುವಾದ ಮಣ್ಣಿನ ಪದರಿನಲ್ಲಿ ಲೋಕದ ನಾನಾ ಕಡೆ ದೊರೆಯುವುದನ್ನು ಆಲ್ವಾರೆಜ್ ತಂದೆಮಕ್ಕಳೂ ಅವರ ಸಂಗಡಿಗರೂ 1980ರಲ್ಲಿ ಎತ್ತಿ ತೋರಿಸಿದರು. ಆದರೆ ಎಲ್ಲವೂ ಸತ್ತುವೆಂದು ಪಾಠವನ್ನು ಮುಗಿಸುವುದು ಶಾಸ್ತ್ರಕ್ಕೂ ಸಲ್ಲದು, ಮಗುವಿನ ಮನಸ್ಸಿಗೂ ಹಿತವಲ್ಲ. ಹಕ್ಕಿಗಳು ಡೈನೋಸಾರುಗಳ ಸಂತಾನವೇ ಎಂಬುದರಲ್ಲಿ ವಿದ್ವಾಂಸರಿಗೆ ಇಂದು ಸಂದೇಹವಿಲ್ಲ. ಆದಕಾರಣ ಎರಡು ಮೂರು ವಾರಗಳ ತರುವಾಯ ಮಗುವಿಗೆ ಬೇಸರ ತೋರಿದಾಗ ಪಾಠವನ್ನು ಎಳೆದಾಡದೆ ಕೋಳಿಯ ಕಡೆಗೆ ತಿರುಗಿಸಿಬಿಡಬಹುದು: ಮೂರು ಬೆರಳನ್ನು ಮುಂದಕ್ಕೆ ಚಾಚಿ ನಿಲ್ಲುವ ಕಾಲು, ಕಾಲಿನ ಮೇಲಣ ಹುರುಪೆ, ಟೊಳ್ಳಾದ ಎಲುಬು, ಎಲ್ಲವನ್ನೂ ಅಲ್ಲಿ ನೋಡಬಹುದು. ಮಾಂಸಾಹಾರವಿರುವ ಮನೆಗಳಲ್ಲಿ ಈ ಹಂತಕ್ಕೆ ಬಂದಾಗ, ಕೋಳಿಯು ಡೈನೋಸಾರಾದರೆ ಭಾನುವಾರ ನಾವು ಉಂಡುದು ಏನನ್ನು ಎಂಬ ಪ್ರಶ್ನೆಯು ಊಟದ ನಡುವೆಯೇ ಹುಟ್ಟುವುದು ನಿಶ್ಚಯ. ಅದರ ಉತ್ತರವನ್ನು ಆಯಾ ಮನೆಯ ಹಿರಿಯರು ಮುಂಚಿತವಾಗಿ ಯೋಚಿಸಿಟ್ಟುಕೊಂಡಿರುವುದು ಕ್ಷೇಮ.